ಶಾಕ್ ರಾಡ್‌ಗೆ ಕಟ್ಟಿದ ಪ್ಲಾಸ್ಟಿಕ್ ಟೈ

ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ದಿನಕ್ಕೆ, ಒಯ್ಯುವ ಕಾರು ಗಟ್ಟಿಯಾಗಿರಬೇಕು, ನೆಲಕ್ಕೆ ಅಂಟಿಕೊಂಡಂತಿರಬೇಕು ಅಂತ ನಾನೂ ನಂಬಿದ್ದೆ. ನನ್ನದು ಎರಡು ಸೀಟಿನ ಪುಟ್ಟ ಕಾರು. ಎಂಜಿನ್ ಮುಂದೆ, ಡ್ರೈವ್ ಹಿಂದಿನ ಚಕ್ರಕ್ಕೆ. ನಾನು ಕೂತರೆ ಒಟ್ಟು 1,130 ಕೆಜಿ. ಮುಂದೆ 12 ಕೆಜಿ ಸ್ಪ್ರಿಂಗ್ ಇರುವ ಕಾಯಿಲ್‌ಓವರ್ ಹಾಕಿದೆ, ಅಂದರೆ ಸ್ಪ್ರಿಂಗ್ ಮತ್ತು ಅದರ ಕುಣಿತ ತಡೆಯುವ ಶಾಕ್ ಒಟ್ಟಿಗಿರುವ ಜೋಡಣೆ. 12 ಕೆಜಿ ಅಂದರೆ, ಆ ಸ್ಪ್ರಿಂಗ್ 1 ಮಿಮೀ ಕುಗ್ಗಲು ಅಷ್ಟು ಭಾರ ಬೇಕು. ಕಾರನ್ನು 50 ಮಿಮೀ ಇಳಿಸಿದೆ. ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತಿತ್ತು. ಆದರೆ ಲ್ಯಾಪ್ ಟೈಮ್ ಮೊದಲಿಗಿಂತ ಅರ್ಧ ಸೆಕೆಂಡ್ ಜಾಸ್ತಿಯೇ ಬಂತು.

ಒಂದು ಉದ್ದನೆಯ ಬಲ ತಿರುವಿನಲ್ಲಿ ಹೆಚ್ಚು ತೊಂದರೆಯಾಗುತ್ತಿತ್ತು. ಬ್ರೇಕ್ ಬಿಡುತ್ತಾ ತಿರುಗಿಸಿದರೆ ಮುಂಭಾಗ ಚೆನ್ನಾಗೇ ಒಳಗೆ ಬರುತ್ತಿತ್ತು. ತಿರುವಿನ ನಡುವೆ ಒಂದು ಸಣ್ಣ ಉಬ್ಬು ಇದೆ. ಅಲ್ಲಿಗೆ ಬಂದ ಕೂಡಲೇ ಮುಂದಿನ ಹಿಡಿತ ಪೂರ್ತಿ ಹೋಗಿ ಕಾರು ಹೊರಗೆ ಜಾರುತ್ತಿತ್ತು. ಹಿಡಿತ ನಿಧಾನಕ್ಕೆ ಕಮ್ಮಿಯಾದರೆ ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ. ಇಲ್ಲಿ ಅಂಥ ಯಾವ ಸೂಚನೆಯೂ ಇರಲಿಲ್ಲ.

ಪಿಟ್‌ನಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಕೇಳಿಸಿಕೊಂಡು, "ಶಾಕ್ ರಾಡ್‌ಗೆ ಒಂದು ಟೈ ಕಟ್ಟಿ ನೋಡಪ್ಪ" ಅಂದರು. ವೈರ್ ಕಟ್ಟುವ ಸಣ್ಣ ಪ್ಲಾಸ್ಟಿಕ್ ಟೈ. ಶಾಕ್ ಬಾಡಿಯೊಳಗೆ ಜಾರುವ ಆ ರಾಡ್‌ಗೆ ಬಿಗಿದು ಕೆಳಗೆ ಬಾಡಿವರೆಗೆ ತಳ್ಳಿದೆ. ಶಾಕ್ ಒತ್ತಿದಷ್ಟೂ ಟೈ ಮೇಲೇರುತ್ತದೆ, ಏರಿದಲ್ಲೇ ನಿಲ್ಲುತ್ತದೆ. ಐದು ಲ್ಯಾಪ್ ಆದ ಮೇಲೆ ಚಕ್ರ ಬಿಚ್ಚಿ ನೋಡಿದರೆ, ಎಡಗಡೆಯ ಟೈ, ಶಾಕ್ ಪೂರ್ತಿ ಒತ್ತಿ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್‌ನ ಹಳದಿ ಫೋಮ್‌ಗೆ ಕಚ್ಚಿಕೊಂಡು ಕೂತಿತ್ತು. ಫೋಮ್‌ನ ಅಂಚು ಹರಿದು, ಪುಡಿ ರಾಡ್ ಮೇಲೆ ಅಂಟಿತ್ತು. ಅಳೆದೆ. ಕಾರು ಸುಮ್ನೆ ನಿಂತಿರುವಾಗಲೇ ಶಾಕ್‌ಗೆ ಒತ್ತಲು ಉಳಿದಿದ್ದ ಜಾಗ ಬರೀ 15 ಮಿಮೀ! ಉಬ್ಬಿನ ಮೇಲೆ ಹೋದಾಗ ಆ ಜಾಗ ಮುಗಿದು, ಹೊರಗಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದಂತಾಗುತ್ತಿತ್ತು. ಆ ಭಾರವೆಲ್ಲ ಒಮ್ಮೆಲೇ ಬಿದ್ದರೆ ಟೈರ್ ತಾನೇ ಏನು ಮಾಡೀತು?

ಎರಡನೇ ಸೆಟ್ ಕೊಳ್ಳುವಾಗ ಮೊದಲು ಕೇಳಿದ್ದು ಸ್ಟ್ರೋಕ್ ಎಷ್ಟು, ಅಂದರೆ ಶಾಕ್ ಒಟ್ಟು ಎಷ್ಟು ಒತ್ತುತ್ತದೆ ಅಂತ. ಸ್ಪ್ರಿಂಗ್ ಕೂರುವ ತಟ್ಟೆಯನ್ನು (ಸ್ಪ್ರಿಂಗ್ ಸೀಟ್) ಮುಟ್ಟದೆ ಬಾಡಿಯ ಉದ್ದವನ್ನು ಬೇರೆಯಾಗಿ ಹೊಂದಿಸುವಂತಿರಬೇಕು, ಬಿಚ್ಚಿ ರಿಪೇರಿ ಮಾಡುವಂತಿರಬೇಕು ಅಂತಲೂ ನೋಡಿದೆ. ಶಾಕ್‌ನ ಬಿಗಿ ಬದಲಿಸುವ ತಿರುಪಿಗೆ 32 ಕ್ಲಿಕ್ ಇದೆಯೋ 16 ಇದೆಯೋ ಅನ್ನುವುದು ನನ್ನ ಮಟ್ಟಿಗೆ ಆಮೇಲಿನ ಮಾತು.

ಸ್ಪ್ರಿಂಗ್ ಆರಿಸಲು ಈ ಸಲ ಲೆಕ್ಕ ಹಾಕಿದೆ. ನನ್ನ ಕಾರಿನಲ್ಲಿ ಚಕ್ರ 10 ಮಿಮೀ ಮೇಲೆ ಬಂದರೆ ಸ್ಪ್ರಿಂಗ್ 7 ಮಿಮೀ ಒತ್ತುತ್ತದೆ. ಆ 0.7 ಅನ್ನು ಎರಡು ಸಲ ಗುಣಿಸಬೇಕು, ಅಂದರೆ 0.49. ಹೀಗೆ 8 ಕೆಜಿ ಸ್ಪ್ರಿಂಗ್ ಚಕ್ರದ ಹತ್ತಿರ ಸುಮಾರು 4 ಕೆಜಿಯಷ್ಟೇ. ಕಾರಿನ ಮುಂಭಾಗದ ಒಂದೊಂದು ಮೂಲೆಯಲ್ಲಿ ಸ್ಪ್ರಿಂಗ್ ಹೊರುವ ತೂಕ ಸುಮಾರು 250 ಕೆಜಿ. ಲೆಕ್ಕ ಮಾಡಿದರೆ ಸೆಕೆಂಡಿಗೆ 2 ಸಲ ಕುಣಿಯುವ ಸಸ್ಪೆನ್ಷನ್, ಅಂದರೆ 2 ಹರ್ಟ್ಸ್. ಹಳೆಯ 12 ಕೆಜಿಗೆ ಇದೇ ಲೆಕ್ಕ 2.4 ಹರ್ಟ್ಸ್ ಹತ್ತಿರ ಬರುತ್ತದೆ. ರೋಡಿಗೂ ಟ್ರ್ಯಾಕಿಗೂ ಒಂದೇ ಟೈರ್ ಬಳಸುವ ನನ್ನಂಥವರಿಗೆ ಅದು ಜಾಸ್ತಿಯಾಯಿತು. ಹಾಗಾಗಿ 8 ಕೆಜಿ ಹಾಕಿ, ಕಾರನ್ನು 20 ಮಿಮೀ ಎತ್ತರಿಸಿ, ಶಾಕ್‌ಗೆ 45 ಮಿಮೀ ಜಾಗ ಬಿಟ್ಟೆ.

ಕೂರಿಸುವಾಗ ಒಂದು ವಿಷಯ ಮರೀಬೇಡಿ. ಕಾರು ಜಾಕ್ ಮೇಲೆ ತೂಗುತ್ತಿರುವಾಗ ಚಕ್ರವನ್ನು ಕಾರಿಗೆ ಜೋಡಿಸುವ ಆರ್ಮ್‌ಗಳ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಕೆಳಗಿಳಿಸಿದಾಗ ಆರ್ಮ್‌ನ ಕೀಲಿನಲ್ಲಿರುವ ಬುಷ್‌ನ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಭಾರ ಚಕ್ರದ ಮೇಲೆ ಬಂದ ಮೇಲೇ ಕೊನೆಯ ಬಿಗಿ. ನಾಲ್ಕು ಚಕ್ರದ ಮೇಲೆ ಬೀಳುವ ತೂಕ ನೋಡುವಾಗ ನನ್ನ ಸೀಟಿನಲ್ಲಿ ನನ್ನಷ್ಟೇ ತೂಕದ ಮರಳು ಚೀಲ ಇಟ್ಟು, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್‌ನ ಲಿಂಕ್ ಕಳಚಿದ್ದೆ.

ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರದ ವಾಲು, ಎಷ್ಟು ಬೇಕು ಅಂತ ಟೈರೇ ಹೇಳಿತು. ಪಿಟ್‌ಗೆ ಬಂದ ತಕ್ಷಣ ರಬ್ಬರ್‌ಗೆ ಥರ್ಮಾಮೀಟರ್ ಸೂಜಿ ಚುಚ್ಚಿ ನೋಡಿದರೆ ಹೊರ ಅಂಚು 94 ಡಿಗ್ರಿ, ನಡು 86, ಒಳ ಅಂಚು 80. ಹೊರಗಿನ ಭುಜದ ಮೇಲೇ ಟೈರ್ ಉರುಳುತ್ತಿದೆ ಅಂತಲ್ವಾ? ಕ್ಯಾಂಬರನ್ನು ಮೈನಸ್ 1.2 ಡಿಗ್ರಿಯಿಂದ ಮೈನಸ್ 2.8ಕ್ಕೆ ತಂದೆ, ಅಂದರೆ ಚಕ್ರದ ಮೇಲ್ಭಾಗ ಇನ್ನಷ್ಟು ಒಳಕ್ಕೆ ವಾಲಿಸಿದೆ. ಆಮೇಲೆ ಒಳಗೆ 90, ನಡುವೆ 86, ಹೊರಗೆ 84. ಒಳ ಅಂಚು ಸ್ವಲ್ಪ ಬಿಸಿ ಇದ್ದರೆ ನನಗೆ ಒಪ್ಪಿಗೆ. ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮುಂದೆ ಸೊನ್ನೆ, ಹಿಂದೆ ಚೂರು ಒಳಕ್ಕೆ.

ಡ್ಯಾಂಪರ್‌ಗೆ, ಅಂದರೆ ಅದೇ ಶಾಕ್‌ನ ಬಿಗಿ ಹೊಂದಿಸಲು, ಇಡೀ ಒಂದು ದಿನ ಕೊಟ್ಟೆ. ಪೂರ್ತಿ ಮುಚ್ಚಿ, ಅಲ್ಲಿಂದ ಕ್ಲಿಕ್ ಎಣಿಸುತ್ತಾ ಬಿಚ್ಚುವುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಕ್ಲಿಕ್, ತಕ್ಷಣ ಪುಸ್ತಕದಲ್ಲಿ ಬರೆಯುವುದು. ಹಿಂಚಕ್ರಗಳ ರಿಬೌಂಡ್ (ಒತ್ತಿದ ಶಾಕ್ ಮತ್ತೆ ಚಾಚುವುದನ್ನು ತಡೆಯುವ ಬಲ) ಜಾಸ್ತಿ ಬಿಗಿಯಾಗಿದ್ದಾಗ, ಉಬ್ಬು ತಗ್ಗಿನಲ್ಲಿ ಗ್ಯಾಸ್ ಕೊಟ್ಟರೆ ಹಿಂಭಾಗ ತಟತಟ ಅಂತ ಪಕ್ಕಕ್ಕೆ ಹಾರುತ್ತಿತ್ತು. ಚಕ್ರ ಕೆಳಗಿಳಿದು ನೆಲ ಹಿಡಿಯಲು ಸಮಯವೇ ಸಿಗುತ್ತಿರಲಿಲ್ಲ. ನಾಲ್ಕು ಕ್ಲಿಕ್ ಸಡಿಲಿಸಿದ ಮೇಲೆ ಸುಮ್ಮನಾಯಿತು.

ಸಂಜೆ ಕೊನೆಯ ಸುತ್ತು ಮುಗಿಸಿ ಆ ಬಲ ತಿರುವಿನಿಂದ ವಾಪಸ್ ಬಂದೆ. ಈ ಸಲ ಎಡಗಡೆಯ ಟೈ ಫೋಮ್‌ಗಿಂತ 6 ಮಿಮೀ ಕೆಳಗೆ ನಿಂತಿತ್ತು.