ಹಳೆಯ ಗಿರಣಿ ಪ್ರದೇಶದಲ್ಲಿ ವಿಜ್ಞಾನ ಶಾಲೆ: ಲ್ಯಾಬಿನಿಂದ ಶುರುವಾದ ನಕ್ಷೆ

ಬೆಂಗಳೂರಿನ ಮಾಗಡಿ ರಸ್ತೆ, ಬಿನ್ನಿಪೇಟೆ, ಕಾಟನ್‌ಪೇಟೆಗಳ ಆಸುಪಾಸು ಎಷ್ಟು ಬದಲಾಗಿದೆ ಎಂಬುದನ್ನು ಅಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಕಂಪನಿಯ ಕೈಗೆ ಬಂದ ಬಟ್ಟೆ ಗಿರಣಿಯ ಜಮೀನಿನಲ್ಲಿ ಇಂದು ಬಹುಮಹಡಿ ವಸತಿ ಸಮುಚ್ಚಯಗಳಿವೆ. 2015ರಲ್ಲಿ ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳ ನಡುವೆ ಮೆಟ್ರೊ ಓಡತೊಡಗಿದ ಮೇಲೆ ಉಳಿದಿದ್ದ ಗೋದಾಮು, ವಠಾರಗಳೂ ಒಂದೊಂದಾಗಿ ಕೈ ಬದಲಾಯಿಸುತ್ತಿವೆ. ಈ ಭಾಗದಲ್ಲಿ ಒಂದು ಓಣಿಯ ಎರಡು ಬದಿಗೆ ಇದ್ದ ಎರಡು ನಿವೇಶನಗಳಲ್ಲಿ, ಒಂದರಲ್ಲಿ ಮಾಧ್ಯಮಿಕ ಶಾಲೆಯನ್ನೂ ಇನ್ನೊಂದರಲ್ಲಿ ಪ್ರೌಢಶಾಲೆಯನ್ನೂ ಕಟ್ಟಿ, ಎರಡರಲ್ಲೂ ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆ ಒತ್ತು ಕೊಡಬೇಕೆಂದು ಶಿಕ್ಷಣ ಟ್ರಸ್ಟ್ ಒಂದು ಬಯಸಿತ್ತು. ವಾಸ್ತುಶಿಲ್ಪಿಯಾಗಿ ಆ ಯೋಜನೆ ನನ್ನ ಪಾಲಿಗೆ ಬಂತು.

ಶಾಲೆಯ ನಕ್ಷೆಯನ್ನು ಸಾಮಾನ್ಯವಾಗಿ ತರಗತಿಗಳ ಸಂಖ್ಯೆಯಿಂದ ಆರಂಭಿಸಿ, ಉಳಿದ ಮೂಲೆಗಳಲ್ಲಿ ಲ್ಯಾಬ್‌ಗಳನ್ನು ತುರುಕುವುದು ರೂಢಿ. ನಾನು ಅದನ್ನು ತಿರುಗಿಸಿದೆ. ತರಗತಿಗೆ ಬೇಕಾದದ್ದು ಬೆಳಕು, ಗಾಳಿ ಮತ್ತು ಸಿಬಿಎಸ್‌ಇ ಹೇಳುವ ಸುಮಾರು 500 ಚದರಡಿ. ಅದು ಯಾವ ಮಹಡಿಯಲ್ಲಾದರೂ ಹೊಂದಿಕೊಂಡೀತು. ಲ್ಯಾಬ್ ಹಾಗಲ್ಲ. ಅದರ ಹೊಗೆ ಎಲ್ಲಿಗೆ ಹೋಗುತ್ತದೆ, ಅದರ ಕೊಳೆನೀರು ಎಲ್ಲಿ ಇಳಿಯುತ್ತದೆ, ಅದರ ನೆಲ ಎಷ್ಟು ನಡುಗುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ನೆರೆಹೊರೆಯಲ್ಲಿರುತ್ತದೆ, ಆ ನೆರೆಹೊರೆಯೋ ಇನ್ನೂ ಕಟ್ಟಿ ಮುಗಿದಿರುವುದಿಲ್ಲ.

ಹೆಚ್ಚು ಯೋಚನೆಗೆ ಹಚ್ಚಿದ್ದು ರಸಾಯನಶಾಸ್ತ್ರದ ಲ್ಯಾಬ್. ವಿಷಕಾರಿ ಹೊಗೆಯನ್ನು ಎಳೆದುಕೊಳ್ಳುವ ಪೆಟ್ಟಿಗೆಯಂಥ ಫ್ಯೂಮ್ ಹುಡ್‌ನ ಬಾಯಲ್ಲಿ ಗಾಳಿಯನ್ನು ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಒಳಕ್ಕೆ ಎಳೆಯಬೇಕು, ಹಾಗೆ ಎಳೆದದ್ದನ್ನು ಚಾವಣಿಗಿಂತ ಕನಿಷ್ಠ 3 ಮೀಟರ್ ಎತ್ತರದ ಕೊಳವೆಯಿಂದ ಹೊರಗೆ ಬಿಡಬೇಕು. ಸುತ್ತಲೂ ಒಂದಂತಸ್ತಿನ ಮನೆಗಳಿರುವ ಕಡೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಪಕ್ಕದ ಜಮೀನಿನಲ್ಲಿ ಗೋಪುರ ಎದ್ದರೆ ನಮ್ಮ ಕೊಳವೆಯ ತುದಿ ಯಾರದೋ ಆರನೆಯ ಮಹಡಿಯ ಬಾಲ್ಕನಿಗೆ ಎದುರಾಗುತ್ತದೆ. ಬೆಂಗಳೂರಿನ ಗಾಳಿ ಮಳೆಗಾಲದಲ್ಲಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸಿ, ಚಳಿಗಾಲದಲ್ಲಿ ಪೂರ್ವದ ಕಡೆಗೆ ತಿರುಗಿಕೊಳ್ಳುವುದರಿಂದ, ಪೂರ್ವ ಪಶ್ಚಿಮಗಳೆರಡರಲ್ಲೂ ಎತ್ತರದ ಕಟ್ಟಡ ಬರಲಾಗದ ಜಾಗವನ್ನು ಹುಡುಕಬೇಕಾಯಿತು. ಅದಕ್ಕಾಗಿ ಅಕ್ಕಪಕ್ಕದ ಸರ್ವೆ ನಂಬರುಗಳಿಗೆ ಮಂಜೂರಾದ ನಕ್ಷೆಗಳನ್ನು ತರಿಸಿ, ಮಂಜೂರಾಗದ ಕಡೆ ರಸ್ತೆಯ ಅಗಲದ ಮೇಲೆ ಎಷ್ಟು ಎತ್ತರಕ್ಕೆ ಅವಕಾಶವಿದೆ ಎಂಬುದನ್ನು ಲೆಕ್ಕ ಹಾಕಿ, ಇಂದು ಕಾಣುವ ಬೀದಿಯ ಬದಲು ಮುಂದೆ ಬರಬಹುದಾದ ಬೀದಿಯ ಮಾದರಿಯನ್ನು ಮಾಡಿಸಿದೆ. ಲ್ಯಾಬ್ ಪ್ರೌಢಶಾಲೆಯ ಮೇಲಿನ ಮಹಡಿಯಲ್ಲಿ, ಮಳೆನೀರು ಹರಿಯುವ ರಾಜಕಾಲುವೆಯ ಕಡೆಗೆ ಹೋಯಿತು. ಕೊಳವೆ ಗಿಡ್ಡವಾದದ್ದು ಅದರ ಜೊತೆಗೆ ಸಿಕ್ಕ ಲಾಭ.

ರಾಜಕಾಲುವೆಯನ್ನು ಟ್ರಸ್ಟಿನವರು ನಷ್ಟವೆಂದೇ ನೋಡಿದ್ದರು. 2016ರಲ್ಲಿ ಹಸಿರು ನ್ಯಾಯಮಂಡಳಿ ಹೆಚ್ಚಿಸಿದ್ದ, ಕಾಲುವೆಯ ಪಕ್ಕ ಕಟ್ಟದೆ ಬಿಡಬೇಕಾದ ಮೀಸಲು ಅಂತರವನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ತೆಗೆದುಹಾಕಿದ ಮೇಲೆ, 2015ರ ಮಾಸ್ಟರ್ ಪ್ಲಾನಿನ ಅಳತೆಗಳೇ ಮತ್ತೆ ಜಾರಿಗೆ ಬಂದವು: ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15, ಅದೂ ಕಾಲುವೆಯ ಮಧ್ಯದಿಂದ. ನಮ್ಮದು ದ್ವಿತೀಯ ಕಾಲುವೆ. ಕಟ್ಟಲಾಗದ ಆ ಪಟ್ಟಿಯಲ್ಲಿ ಬೇರೆಯವರೂ ಕಟ್ಟಲಾರರು, ಆದ್ದರಿಂದ ಆ ಬದಿಯ ಆಕಾಶ ತೆರೆದೇ ಇರುತ್ತದೆ ಎಂದು ನಾನು ವಾದಿಸಿದೆ. ಅಲ್ಲಿ ಕಾಂಕ್ರೀಟ್ ಹಾಕದೆ ಮಣ್ಣಿನ ಆಟದ ಅಂಗಳ ಬಿಟ್ಟೆವು. ವಿದ್ಯುತ್ ಕೊಠಡಿಯನ್ನು ಮಾತ್ರ ಎತ್ತರದ ಎದುರು ಮೂಲೆಗೆ ಒಯ್ದೆವು, ಮಳೆಗಾಲದಲ್ಲಿ ಕಾಲುವೆ ಏನು ಮಾಡುತ್ತದೆಂದು ಊರಿಗೆಲ್ಲ ಗೊತ್ತು. ಲ್ಯಾಬಿನ ಆಮ್ಲದ ನೀರು ಸುಣ್ಣಕಲ್ಲಿನ ಚೂರು ತುಂಬಿದ ಗುಂಡಿಯನ್ನು ಹಾದು ಒಳಚರಂಡಿಗೇ ಸೇರಬೇಕು, ಒಂದು ಹನಿಯೂ ಕಾಲುವೆಗೆ ಇಳಿಯಬಾರದು ಎಂಬುದನ್ನು ಗುತ್ತಿಗೆಯ ಷರತ್ತಿನಲ್ಲಿಯೇ ಬರೆಸಿದೆ.

ಭೌತಶಾಸ್ತ್ರದ ಲ್ಯಾಬ್ ಮತ್ತು ಸೂಕ್ಷ್ಮ ತಕ್ಕಡಿಗಳ ಕೋಣೆ ನೆಲಮಹಡಿಯಲ್ಲಿವೆ. ರೈಲಿಗಿಂತ ಹೆಚ್ಚಾಗಿ ಅಕ್ಕಪಕ್ಕದ ಪಾಯ ಕೊರೆಯುವ ಯಂತ್ರಗಳು ಅಲ್ಲಿನ ನೆಲ ನಡುಗಿಸುತ್ತವೆ. ತಕ್ಕಡಿ ಕೂರುವ ಗ್ರಾನೈಟ್ ಚಪ್ಪಡಿಗೆ ಗೋಡೆಯನ್ನಾಗಲಿ ನೆಲವನ್ನಾಗಲಿ ಮುಟ್ಟದ, ತನ್ನದೇ ಪಾಯದ ಕಂಬಗಳನ್ನು ಕೊಟ್ಟಿದ್ದೇವೆ.

ಕೊನೆಗೆ ಉಳಿದದ್ದು ಮಕ್ಕಳು ತಾವೇ ಯಂತ್ರ, ಉಪಕರಣಗಳನ್ನು ಮಾಡಿ ನೋಡುವ ಟಿಂಕರಿಂಗ್ ಲ್ಯಾಬ್. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಇದಕ್ಕೆ 1,500 ಚದರಡಿ ಜಾಗ ಕೇಳಿ 20 ಲಕ್ಷ ರೂಪಾಯಿ ನೆರವು ಕೊಡುತ್ತಿದ್ದುದರಿಂದ ಅಳತೆಯ ಚರ್ಚೆ ಬೇಗ ಮುಗಿಯಿತು. ಬಾಗಿಲಿನ ಚರ್ಚೆ ಮುಗಿಯಲಿಲ್ಲ. ಹೊಸ ಅಪಾರ್ಟ್‌ಮೆಂಟುಗಳ ಮುಖ್ಯರಸ್ತೆಗೆ ಮುಖ ಮಾಡಿ ಗಾಜಿನ ಗೋಡೆಯೊಡನೆ ಅದನ್ನು ಪ್ರದರ್ಶನಕ್ಕಿಡಬೇಕೆಂಬುದು ಟ್ರಸ್ಟಿನ ಆಸೆ. ಗಿರಣಿ ಕಾರ್ಮಿಕರ ಕುಟುಂಬಗಳು ಇಂದಿಗೂ ಇರುವ ಓಣಿಯ ಕಡೆಗೆ ಅದು ಬರಬೇಕೆಂದು ನಾನು ಪಟ್ಟು ಹಿಡಿದೆ. ಲೇತು, ಬೆಸುಗೆ, ಮೋಟಾರ್ ಸುತ್ತುವ ಕೆಲಸ ಬಲ್ಲವರು ಆ ಓಣಿಯಲ್ಲಿದ್ದಾರೆ, ಮಕ್ಕಳಿಗೆ ಕಲಿಸಬಲ್ಲವರು ಅವರೇ. ಎರಡೂ ಶಾಲೆಗಳಿಗೆ ಆ ಓಣಿಯೇ ನಡುದಾರಿಯಾದ್ದರಿಂದ ಮಾಧ್ಯಮಿಕ ಶಾಲೆಯ ಮಕ್ಕಳು ಮುಖ್ಯರಸ್ತೆಗೆ ಇಳಿಯದೆ ಬರಬಹುದು ಎಂಬ ಕಾರಣ ಕೊನೆಗೆ ಟ್ರಸ್ಟನ್ನು ಒಪ್ಪಿಸಿತು. ಶಾಲೆಯ ಉಳಿದ ಭಾಗಕ್ಕೆ ಬೀಗ ಹಾಕಿದ ಮೇಲೂ ತೆರೆಯಬಹುದಾದ ಬಾಗಿಲು, ಅದಕ್ಕೆಂದೇ ಶೌಚಾಲಯ, ಬೇರೆ ವಿದ್ಯುತ್ ಮೀಟರ್ ಇಟ್ಟಿದ್ದೇವೆ. ಸಂಜೆ ಯಾರ ಉಸ್ತುವಾರಿಯಲ್ಲಿ ಅದು ತೆರೆದಿರಬೇಕೆಂಬುದನ್ನು ಟ್ರಸ್ಟ್ ಇನ್ನೂ ನಿರ್ಧರಿಸಬೇಕಾಗಿದೆ.