ಡಿಸ್ಕೋ ಎಲಿಸಿಯಮ್ ಆಡೋಕೆ ಕೂತ್ರೆ ಲೋಡ್ ಬಟನ್ ಮರೆತ್ಬಿಡಿ

ಮೊದಲನೇ ಸಲ ನಾನು ಈ ಗೇಮನ್ನ ಅರ್ಧಕ್ಕೇ ಬಿಟ್ಟಿದ್ದೆ, ಬೋರು ಅಂತ. ತಪ್ಪು ನಂದೇ. ಇದರಲ್ಲಿ ಒಂದು ಕೆಲಸ ಆಗುತ್ತಾ ಇಲ್ವಾ ಅಂತ ಡೈಸ್ (ದಾಳ) ಹಾಕಿ ನೋಡೋದಕ್ಕೆ ಚೆಕ್ ಅಂತಾರೆ. ಪ್ರತಿ ಚೆಕ್‌ಗೂ ಮುಂಚೆ ಒಂದು ಸೇವ್ ಹಾಕೋದು, ಡೈಸ್ ಕೈಕೊಟ್ರೆ ಲೋಡು (ಅಂದ್ರೆ ಸೇವ್ ಮಾಡಿದ ಜಾಗಕ್ಕೇ ವಾಪಸ್), ಮತ್ತೆ ಕೈಕೊಟ್ರೆ ಮತ್ತೆ ಲೋಡು, ಹಿಂಗೆ ಒಂದೇ ಡೈಲಾಗನ್ನ ಆರಾರು ಸಲ ಓದಿ ತಲೆಕೆಟ್ಟು ಅನ್‌ಇನ್‌ಸ್ಟಾಲ್ ಮಾಡಿದ್ದೆ. ಆಮೇಲೆ ಒಂದಿನ ಚಿಕ್ಕಪ್ಪನ ಮಗ ಊರಿಂದ ಬಂದಿದ್ದ, ಅವನಿಗೆ ತೋರಿಸ್ತೀನಿ ಅಂತ ಮತ್ತೆ ಹಾಕಿದೆ, ಮೊದಲನೇ ಚೆಕ್ಕೇ ಫೇಲ್ ಆಯ್ತು, ನಾನು ಲೋಡಿಗೆ ಕೈ ಹಾಕ್ತಿದ್ದ ಹಾಗೆ ಅವನು "ಅಣ್ಣಾ ತಡಿಯೋ, ಏನಾಗುತ್ತೆ ನೋಡೋಣ" ಅಂದ. ಆವತ್ತು ಬೆಳಗಿನ ಜಾವದ ತನಕ ಕೂತಲ್ಲಿಂದ ಎದ್ದಿಲ್ಲ ಇಬ್ರೂ. ಅದಕ್ಕೇ ಹೊಸದಾಗಿ ಆಡೋರಿಗೆ ಇದನ್ನ ಬರೀತಿದೀನಿ.

ಗೊತ್ತಿಲ್ಲದೇ ಇರೋರಿಗೆ ಎರಡು ಮಾತು. 2019ರ ಅಕ್ಟೋಬರಲ್ಲಿ ಬಂದ ಗೇಮು, ಮಾಡಿದ್ದು ಎಸ್ಟೋನಿಯಾದಲ್ಲಿ ಶುರುವಾದ ಜಾ/ಊಮ್ ಅನ್ನೋ ಸ್ಟುಡಿಯೋ. ಒಬ್ಬ ಪೊಲೀಸ್ ಡಿಟೆಕ್ಟಿವ್ ಹಾಸ್ಟೆಲ್ ರೂಮಲ್ಲಿ ಚಡ್ಡೀಲಿ ಎದ್ದೇಳ್ತಾನೆ, ರಾತ್ರಿ ಕುಡಿದಿದ್ದು ಎಷ್ಟು ಅಂದ್ರೆ ಹೆಸರೂ ನೆನಪಿಲ್ಲ, ಹಿತ್ತಲ ಮರದಲ್ಲಿ ಏಳು ದಿನದಿಂದ ಒಂದು ಹೆಣ ನೇತಾಡ್ತಿದೆ, ಆ ಕೇಸು ಇವನದ್ದೇ. ಬೇರೆ ಆರ್‌ಪಿಜಿ (ಒಂದು ಪಾತ್ರ ಆಗಿ ಆಡೋ ಗೇಮು) ಥರ ಕತ್ತಿ ಹಿಡಿದು ರಾಕ್ಷಸರನ್ನ ಕೊಚ್ಚೋದೆಲ್ಲ ಇಲ್ಲ, ಪೂರ್ತಿ ಮಾತು. ತಾಳಮದ್ದಳೆ ನೋಡಿದೋರಿಗೆ ಬೇಗ ಒಗ್ಗುತ್ತೆ ಬಿಡಿ, ವೇಷ ಇಲ್ಲ ಕುಣಿತ ಇಲ್ಲ, ಕೂತಲ್ಲೇ ಮಾತಲ್ಲೇ ಯುದ್ಧ. ಇಲ್ಲಿ ಅರ್ಥಧಾರಿಗಳು 24 ಜನ, ಎಲ್ಲರೂ ಹೀರೋ ತಲೆಯೊಳಗೇ ಕೂತಿದಾರೆ. ಆ 24 ಸ್ಕಿಲ್‌ಗಳೇ ಪಾತ್ರಗಳು.

ಕ್ಯಾರೆಕ್ಟರ್ ಮಾಡುವಾಗ ಇಂಟಲೆಕ್ಟ್ (ಬುದ್ಧಿ), ಸೈಕಿ (ಮನಸ್ಸು), ಫಿಸೀಕ್ (ಮೈಬಲ), ಮೋಟೋರಿಕ್ಸ್ (ಮೈ ಚುರುಕು) ಅಂತ ನಾಲ್ಕು ಇರುತ್ತೆ, ಎಲ್ಲ ಸೇರಿ 12 ಪಾಯಿಂಟು, ಒಂದೊಂದಕ್ಕೆ ಕಮ್ಮಿ ಅಂದ್ರೆ 1, ಜಾಸ್ತಿ ಅಂದ್ರೆ 6. ಇಲ್ಲೇ ಎಲ್ಲರೂ ಜಾಣತನ ಮಾಡೋಕೆ ಹೋಗಿ ಫಿಸೀಕನ್ನ 1ಕ್ಕೆ ಇಳಿಸಿ ಇಂಟಲೆಕ್ಟ್ 6 ಮಾಡ್ತಾರೆ. ಹಂಗೆ ಮಾಡಿದ್ರೆ ಹೆಲ್ತೂ 1 ಮಾತ್ರ. ಎದ್ದ ತಕ್ಷಣ ಫ್ಯಾನಿಗೆ ಸಿಕ್ಕಾಕಿಕೊಂಡು ತಿರುಗ್ತಿರೋ ಟೈ ಕಿತ್ಕೊಳ್ಳೋಕೆ ಹೋಗ್ತೀರಾ, ಫೇಲ್ ಆದ್ರೆ ಹಾರ್ಟ್ ಅಟ್ಯಾಕ್, ಕಥೆ ಮುಗೀತು. ನಿಜವಾಗ್ಲೂ, ಟೈಗೋಸ್ಕರ ಸಾಯ್ತಾನೆ. ಮೊದಲನೇ ಸಲಕ್ಕೆ ಫಿಸೀಕ್ 2 ಆದ್ರೂ ಇಡಿ, ಸೈಕಿಗೆ 4 ಕೊಡಿ, ಉಳಿದ 6ನ್ನ ಬೇರೆ ಎರಡಕ್ಕೆ ನಿಮ್ಮಿಷ್ಟ ಬಂದ ಹಾಗೆ ಹಂಚಿ. ಸೈಕಿ ಯಾಕೆ ಅಂದ್ರೆ ಇನ್ಲ್ಯಾಂಡ್ ಎಂಪೈರ್ ಅನ್ನೋ ಸ್ಕಿಲ್ ಅದರಡಿ ಬರುತ್ತೆ, ಅದು ಜಾಸ್ತಿ ಇದ್ರೆ ಆ ಟೈ ನಿಮ್ಮ ಜೊತೆ ಮಾತಾಡುತ್ತೆ, ಅದನ್ನ ಮಿಸ್ ಮಾಡ್ಕೊಂಡ್ರೆ ದುಡ್ಡು ದಂಡ.

ಇನ್ನು ಡೈಸ್ ಲೆಕ್ಕ, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಆರು ಮುಖದ ಎರಡು ಡೈಸ್ ಬೀಳುತ್ತೆ, ಬಿದ್ದಿದ್ದಕ್ಕೆ ನಿಮ್ಮ ಸ್ಕಿಲ್ ಸೇರುತ್ತೆ, ಒಟ್ಟು ಚೆಕ್ಕಿನ ನಂಬರ್ ಮುಟ್ಟಬೇಕು. ಚೆಕ್ 12, ನಿಮ್ಮ ಸ್ಕಿಲ್ 5 ಅಂದ್ಕೊಳ್ಳಿ, ಡೈಸಲ್ಲಿ 7 ಬೇಕು, ಅದು ಬೀಳೋ ಚಾನ್ಸ್ 58 ಪರ್ಸೆಂಟ್. ಒಂದೇ ಒಂದು ಪಾಯಿಂಟ್ ಹಾಕಿ, 6 ಬಿದ್ರೆ ಸಾಕು, 72ಕ್ಕೆ ಹಾರುತ್ತೆ. ಅದೇ ಡೈಸಲ್ಲಿ 12 ಬೇಕಿರೋ ಕಡೆ ಪಾಯಿಂಟ್ ಹಾಕಿದ್ರೆ 3ರಿಂದ 8 ಆಗುತ್ತೆ ಅಷ್ಟೇ, ವೇಸ್ಟು. ಮಧ್ಯದಲ್ಲಿರೋ ಚೆಕ್‌ಗಳಿಗೆ ಹಾಕಿ. ಎರಡು ಆರು ಬಿದ್ರೆ ಎಂಥಾ ಚೆಕ್ಕಾದ್ರೂ ಪಾಸು, ಎರಡು ಒಂದು ಬಿದ್ರೆ ನೀವು ಎಷ್ಟೇ ಪಂಡಿತರಾಗಿದ್ರೂ ಫೇಲು, ಅದಕ್ಕೇ 97 ಪರ್ಸೆಂಟ್ ಅಂತ ತೋರಿಸಿದಾಗ ಎದೆ ಉಬ್ಬಿಸ್ಬೇಡಿ, ನಂಗೆ ಹಂಗೆ ಎರಡು ಸಲ ಬಿದ್ದಿದೆ.

ಚೆಕ್ಕಲ್ಲಿ ಬಿಳಿ, ಕೆಂಪು ಅಂತ ಎರಡು ಥರ. ಬಿಳಿ ಚೆಕ್ ಫೇಲ್ ಆದ್ರೆ ಲಾಕ್ ಆಗುತ್ತೆ, ಆ ಸ್ಕಿಲ್‌ಗೆ ಪಾಯಿಂಟ್ ಹಾಕಿದ್ರೆ ಇಲ್ಲಾ ಊರಲ್ಲಿ ತಿರುಗಾಡಿ ಹೊಸ ವಿಷಯ ಏನಾದ್ರೂ ತಿಳ್ಕೊಂಡು ಬಂದ್ರೆ ಮತ್ತೆ ತೆರೆಯುತ್ತೆ. ಹಾಗಾಗಿ ಲೆವೆಲ್ ಅಪ್ ಆದ ಕೂಡ್ಲೆ ಪಾಯಿಂಟ್ ಖರ್ಚು ಮಾಡ್ಬೇಡಿ, ಒಂದೆರಡು ಜೇಬಲ್ಲಿ ಇಟ್ಕೊಂಡಿರಿ, ಎಲ್ಲಿ ಲಾಕ್ ಆಯ್ತೋ ಅಲ್ಲಿ ಉಪಯೋಗಕ್ಕೆ ಬರುತ್ತೆ. ಕೆಂಪು ಚೆಕ್ ಒಂದೇ ಸಲ. ಜನ ಲೋಡ್ ಬಟನ್ ಒತ್ತೋದು ಜಾಸ್ತಿ ಇಲ್ಲೇ.

ಒತ್ಬೇಡಿ ಅಂತ ಯಾಕೆ ಹೇಳ್ತೀನಿ ಅನ್ನೋದಕ್ಕೆ ಒಂದೇ ಸೀನ್ ಹೇಳ್ತೀನಿ, ಮೊದಲನೇ ದಿನದ್ದೇ, ದೊಡ್ಡ ಸ್ಪಾಯ್ಲರ್ ಏನಲ್ಲ. ಕೆಳಗೆ ಕ್ಯಾಂಟೀನಲ್ಲಿ ಗಾರ್ಟ್ ಅನ್ನೋ ಮ್ಯಾನೇಜರ್ ನಿಮ್ಮನ್ನ ಹಿಡ್ಕೊಂಡು ರೂಮ್ ಬಾಡಿಗೆ, ಒಡೆದು ಹಾಕಿದ ಸಾಮಾನು ಎಲ್ಲ ಸೇರಿಸಿ 130 ರಿಯಲ್ (ಆ ಊರಿನ ದುಡ್ಡು) ಕೇಳ್ತಾನೆ, ಕೈಯಲ್ಲಿ ನಯಾಪೈಸೆ ಇಲ್ಲ. ಓಡಿಹೋಗೋಕೆ ಒಂದು ಆಪ್ಷನ್ ಇದೆ, ಸ್ಯಾವ್ವಾರ್ ಫೇರ್ (ಚುರುಕಾಗಿ ನುಣುಚಿಕೊಳ್ಳೋ ಸ್ಕಿಲ್) ಚೆಕ್ಕು. ಗೆದ್ರೆ ಓಡ್ತಾನೆ, ಸರಿ, ಚೆನ್ನಾಗಿದೆ. ಸೋತ್ರೆ ಮಾತ್ರ, ಓಡೋದು ಸಾಲ್ದು ಅಂತ ಗಾಳೀಲಿ ತಿರುಗಿ ಅವನಿಗೆ ಬೆರಳು ತೋರಿಸೋಕೆ ಹೋಗಿ, ಹಿಂದೆ ಗಾಲಿಕುರ್ಚೀಲಿ ಪಾಪ ಸುಮ್ನೆ ಕೂತಿರೋ ಅಜ್ಜಿ ಮೇಲೆ ಧೊಪ್ಪಂತ ಬೀಳ್ತಾನೆ! ನಾವಿಬ್ರೂ ಹೊಟ್ಟೆ ಹಿಡ್ಕೊಂಡು ನಕ್ಕು ನಕ್ಕು ಪಕ್ಕದ ರೂಮಿಂದ ಅಮ್ಮ ಬೈದ್ರು. ಮೊದಲನೇ ಸಲ ಆಡಿದಾಗ ನಾನು ಆ ಚೆಕ್ಕನ್ನ ಗೆಲ್ಲೋತನಕ ಲೋಡ್ ಮಾಡಿದ್ದೆ, ಬೀಳ್ತಾನೆ ಅಂತ ಕಂಡ ಕೂಡ್ಲೆ ಓದದೇನೇ ಒತ್ತಿಬಿಟ್ಟಿದ್ದೆ. ಬರೆದೋರು ಸೋಲಿಗೆ ಅಂತಾನೇ ಅಷ್ಟು ಮುತುವರ್ಜಿಯಿಂದ ಬರೆದಿದಾರೆ, ನಾನು ಅದನ್ನೆಲ್ಲ ಕಸಕ್ಕೆ ಹಾಕ್ತಿದ್ದೆ.

ಸತ್ತೋದ್ರೆ ಲೋಡ್ ಮಾಡಿ, ಅದಕ್ಕೆ ಬೇರೆ ದಾರಿ ಇಲ್ಲ. ಆದ್ರೆ ಹೆಲ್ತ್ ಇಲ್ಲಾ ಮೊರಾಲ್ (ಮನಸ್ಸಿನ ಧೈರ್ಯ) ಸೊನ್ನೆಗೆ ಬಂದಾಗ ಕೆಲವು ಸೆಕೆಂಡ್ ಟೈಮ್ ಕೊಡುತ್ತೆ, ಫೋಟೋ ಹತ್ರ ಇರೋ ಪ್ಲಸ್ ಒತ್ತಿದ್ರೆ ಬದುಕ್ತೀರಾ, ಮಾತ್ರೆ ಇರ್ಬೇಕು ಅಷ್ಟೇ. ಹೆಲ್ತ್‌ಗೆ ನೋಸಾಫೆಡ್, ಮೊರಾಲ್‌ಗೆ ಮೆಗ್ನೀಸಿಯಂ, ಎರಡೂ ಒಂದೊಂದು ಯಾವಾಗ್ಲೂ ಇಟ್ಕೊಳ್ಳಿ. ದುಡ್ಡಿಲ್ಲ ಅಂದ್ರೆ ಹಳದಿ ಪ್ಲಾಸ್ಟಿಕ್ ಚೀಲ ಹಿಡ್ಕೊಂಡು ಬೀದೀಲಿ ಖಾಲಿ ಬಾಟ್ಲಿ ಆಯ್ರಿ, ಫ್ರಿಟ್ ಅಂಗಡೀಲಿ ತಗೋತಾರೆ. ಡಿಟೆಕ್ಟಿವ್ ಸಾಹೇಬ್ರು ಬಾಟ್ಲಿ ಆಯ್ತಿರೋದನ್ನ ನೋಡೋಕೇ ಒಂಥರಾ ಮಜ.

ಇನ್ನೊಂದು, ತಲೆಯೊಳಗಿನ ದನಿಗಳು ಹೇಳಿದ್ದನ್ನೆಲ್ಲ ನಂಬ್ಬೇಡಿ. ಎಲೆಕ್ಟ್ರೋಕೆಮಿಸ್ಟ್ರಿ ಅನ್ನೋದು ಸಿಗರೇಟು ಎಣ್ಣೆ ಬಿಟ್ರೆ ಬೇರೆ ಮಾತೇ ಆಡಲ್ಲ, ಎನ್‌ಸೈಕ್ಲೋಪಿಡಿಯಾ ಕೇಳದೇ ಇದ್ರೂ ಕೊರೀತಾನೇ ಇರುತ್ತೆ, ಡ್ರಾಮಾ ಸುಳ್ಳು ಹೇಳು ಅಂತ ಹುರಿದುಂಬಿಸುತ್ತೆ. ಸ್ಕಿಲ್ ಜಾಸ್ತಿ ಆದಷ್ಟೂ ಅದರ ಬಾಯೂ ಜೋರು. ಯಾರ ಮಾತು ಕೇಳ್ಬೇಕು ಅಂತ ಗೊತ್ತಾಗ್ದೇ ಇದ್ದಾಗ ನಾನು ಜೊತೆಗಾರ ಕಿಮ್ ಕಿಟ್ಸುರಾಗಿ ಏನಂತಾನೆ ನೋಡ್ತೀನಿ, ಆ ಮನುಷ್ಯ ಜಾಸ್ತಿ ಮಾತಾಡಲ್ಲ, ನೋಟ್‌ಬುಕ್ಕಿಂದ ತಲೆ ಎತ್ತಿ ಒಂದ್ಸಲ ನೋಡಿದ್ರೆ ಸಾಕು, ತಪ್ಪಾಯ್ತು ಸಾರ್ ಅನ್ಸುತ್ತೆ.

ಓದೋದು ಜಾಸ್ತಿ ಅಂತ ಭಯ ಬೀಳೋರಿಗೆ, ಹೌದು, ಹತ್ತು ಲಕ್ಷಕ್ಕೂ ಜಾಸ್ತಿ ಪದ ಇದೆ, ಇಂಗ್ಲಿಷೂ ಸಲೀಸಾದ್ದಲ್ಲ. ಆದ್ರೆ 2021ರಲ್ಲಿ ಬಂದ ಫೈನಲ್ ಕಟ್ ವರ್ಷನ್‌ನಲ್ಲಿ ಎಲ್ಲ ಪಾತ್ರಕ್ಕೂ ದನಿ ಕೊಟ್ಟಿದಾರೆ, ಅದನ್ನೇ ಆಡಿ, ಕಿವಿ ಅರ್ಧ ಕೆಲಸ ಮಾಡುತ್ತೆ. ಗೇಮಲ್ಲಿರೋ ಗಡಿಯಾರ ನೋಡಿ ಗಾಬರಿ ಆಗ್ಬೇಡಿ, ಮಾತಾಡಿದ್ರೆ ಓದಿದ್ರೆ ಮಾತ್ರ ಟೈಮ್ ಓಡುತ್ತೆ, ಸುಮ್ನೆ ಓಡಾಡಿದ್ರೆ ಓಡಲ್ಲ. ಗೇಮಿನ ಒಂದು ದಿನವನ್ನ ಒಂದು ವಾರಕ್ಕೆ ಹಂಚ್ಕೊಂಡು ಧಾರಾವಾಹಿ ಥರ ಆಡಿ. ವಿಕಿ, ಯೂಟ್ಯೂಬ್ ಎರಡೂ ಮುಚ್ಚಿ.

ಲೋಡ್ ಒತ್ತದೇ ಆಡೋ ಇದೇ ಅಭ್ಯಾಸ ಬಾಲ್ಡರ್ಸ್ ಗೇಟ್ 3 ಅನ್ನೋ ಇನ್ನೊಂದು ಗೇಮಿಗೂ ಆಗುತ್ತೆ, ಅಲ್ಲಿ 20 ಮುಖದ ಒಂದೇ ಡೈಸು, ಮಾತಿನ ಚೆಕ್ಕಲ್ಲಿ 1 ಬಿದ್ರೆ ಕಥೆ ಎಲ್ಲೆಲ್ಲೋ ಹೋಗುತ್ತೆ, ಆದ್ರೆ ಅಲ್ಲಿ ಎಷ್ಟೋ ಕಡೆ ಸೋತ್ರೆ ಸೀದಾ ಹೊಡೆದಾಟಕ್ಕೆ ಇಳೀತಾರೆ, ಇಷ್ಟು ಮಜ ಇಲ್ಲ ನನ್ನ ಪ್ರಕಾರ.

ಹಾಂ, ಮರೆತಿದ್ದೆ. ಮೊದಲನೇ ದಿನ ರಾತ್ರಿ ಮಲಗೋ ಮುಂಚೆ ಬಾಲ್ಕನಿಗೆ ಹೋಗಿ, ಕಿಮ್ ಅಲ್ಲಿ ದಿನಕ್ಕೊಂದೇ ಅಂತ ಇಟ್ಕೊಂಡಿರೋ ಸಿಗರೇಟ್ ಸೇದ್ತಿರ್ತಾನೆ. ಚೆಕ್ಕು ಗಿಕ್ಕು ಯೋಚ್ನೆ ಮಾಡ್ದೇ ಸುಮ್ನೆ ಮಾತಾಡಿಸಿ ಬನ್ನಿ.