ಹಾಪಾಯ್ ಮೂರನೇ ಸಲಕ್ಕೆ ದಕ್ಕಿತು

ಆಕ್ಲೆಂಡಿನ ಗೆಳೆಯರೆಲ್ಲ ನಕ್ಕಿದ್ದರು. "ಎರಡು ಸಲ ಕೈ ಸುಟ್ಟುಕೊಂಡಿದ್ದು ಸಾಕು ಮಾರಾಯ, ಸುಮ್ನೆ ಫಿಜಿಗೆ ಹೋಗು" ಅಂದರು. ನಾನು ಕೇಳಲಿಲ್ಲ. ಆಗಸ್ಟಿನಲ್ಲಿ ಪೆಸಿಫಿಕ್ ಸಾಗರದ ಪುಟ್ಟ ದೇಶ ಟೊಂಗಾದ ಹಾಪಾಯ್ ದ್ವೀಪಗಳಲ್ಲಿ 11 ದಿನ ಇದ್ದು ಬಂದೆ.

ಮೊದಲ ಸಲ ಮಾಡಿದ್ದು ದುರಾಸೆ. ಒಂದೇ ವಾರದಲ್ಲಿ ಟೊಂಗಾಟಾಪು, ಹಾಪಾಯ್, ವವಾಉ ಮೂರೂ ದ್ವೀಪಸಮೂಹ ಮುಗಿಸುವ ಲೆಕ್ಕ. ಗಾಳಿ ಎದ್ದು ಹಡಗು ನಿಂತಿತು. ಮರುದಿನ ಭಾನುವಾರ. ಅಲ್ಲಿ ಭಾನುವಾರದ ವಿಶ್ರಾಂತಿ ಸಂವಿಧಾನದಲ್ಲೇ ಬರೆದಿದೆ. ವಿಮಾನವಿಲ್ಲ, ಅಂಗಡಿಯಿಲ್ಲ, ಚರ್ಚಿನ ಹಾಡು ಮಾತ್ರ. ಆಕ್ಲೆಂಡ್ ವಿಮಾನ ತಪ್ಪಿ ಹತ್ತಿರಹತ್ತಿರ 700 ಡಾಲರ್ ನೀರಿಗೆ ಹೋಯಿತು. ಎರಡನೇ ಸಲ ಕಾರ್ಡನ್ನು ನಂಬಿ ಹಾಪಾಯ್‌ನ ಮುಖ್ಯ ಊರು ಪಾಂಗಾಯಿಗೆ ಹಾರಿದೆ. ಕಾರ್ಡ್ ಕೈಕೊಟ್ಟಿತು. ಎರಡು ದಿನ ಬ್ರೆಡ್ಡು, ಎಳನೀರು.

ಈ ಸಲ ಎಲ್ಲ ತಿರುಗಾಮುರುಗಾ ಮಾಡಿದೆ. ಇಳಿದ ದಿನವೇ ರಾತ್ರಿ ಹಡಗು ಹತ್ತಿದೆ. ರಾಜಧಾನಿ ನುಕುಅಲೋಫಾವನ್ನು ಕೊನೆಗಿಟ್ಟು ಅಲ್ಲಿಗೆ ಮೂರು ದಿನ ಖಾಲಿ ಬಿಟ್ಟೆ. ಜೇಬಿನಲ್ಲಿ ಅಲ್ಲಿನ ಹಣ, ಚಿಲ್ಲರೆ ಪಾಂಗಾ ನೋಟುಗಳು. ಹಡಗಿಗೆ ಕೊಟ್ಟಿದ್ದು ವಿಮಾನದ ಅರ್ಧಕ್ಕಿಂತ ಕಡಿಮೆಯೇ ಇರಬೇಕು. ಹಾಸಿಕೊಳ್ಳಲು ಚಾಪೆ ನಿಮ್ಮದೇ. ವಾಂತಿ ಮಾತ್ರೆ ಹೊರಡುವ ಮೊದಲೇ ನುಂಗಿ, ಆಮೇಲೆ ನುಂಗಿದರೆ ಅದೂ ಹೊರಗೇ.

ಪಾಂಗಾಯಿ ಇರುವ ಲಿಫುಕಾ ಚಪ್ಪಟೆ ದ್ವೀಪ, ಸೈಕಲ್ಲು ಸಾಕು. ಸಮುದ್ರದ ಮೇಲಿನ ಏರಿರಸ್ತೆ ದಾಟಿದರೆ ಪಕ್ಕದ ದ್ವೀಪ ಫೋಆ. ದಾರಿಯಲ್ಲಿ ಹಂದಿಗಳದ್ದೇ ರಾಜ್ಯಭಾರ. ಸಂಜೆ ಪಶ್ಚಿಮಕ್ಕೆ ಜ್ವಾಲಾಮುಖಿ ದ್ವೀಪ ತೊಫುಆ, ಪಕ್ಕದಲ್ಲಿ ಸಾವಿರ ಮೀಟರಿಗೂ ಎತ್ತರದ ಕಾಓ. 1789ರಲ್ಲಿ ಬ್ರಿಟಿಷ್ ನೌಕೆ ಬೌಂಟಿಯಲ್ಲಿ ನಾವಿಕರ ದಂಗೆ ನಡೆದದ್ದು ಆ ನೀರಿನಲ್ಲೇ. ಉಓಲೆವಾ ದ್ವೀಪದ ಮರಳಿನ ಮೇಲೆ ಕೂತೇ ತಿಮಿಂಗಿಲಗಳನ್ನು ನೋಡಿದೆ, ಬಿಟ್ಟಿ. ಅಲ್ಲಿಗೆ ಯಾರ ದೋಣಿಯಲ್ಲಿ ಹೋದೆ, ಎಷ್ಟು ಕೊಟ್ಟೆ ಅಂತ ಕೇಳಬೇಡಿ. ಹೇಳಿದರೆ ಮುಂದಿನ ವರ್ಷ ನನಗೇ ಜಾಗ ಸಿಗಲ್ಲ.

ಇನ್ನು ಊಟ. ನಾನು ಸಸ್ಯಾಹಾರಿ, ಅಲ್ಲಿ ಎಲ್ಲೆಲ್ಲೂ ಮೀನು, ಹಂದಿ. ಆದರೆ ಮನೆಮನೆಗೂ ಕೆಸು! ಉಡುಪಿಯವನಿಗೆ ಇನ್ನೇನು ಬೇಕು? ಪತ್ರೊಡೆಗೆ ಕೈಹಾಕಿದೆ. ರುಬ್ಬಲು ಏನೂ ಇಲ್ಲ, ಅಕ್ಕಿ ಬದಲು ಮೈದಾ. ಹುಣಸೆ ಇಲ್ಲ, ನಿಂಬೆ. ಅರ್ಧ ಗಂಟೆ ಬೇಯಿಸಿ ತಿಂದರೆ ಗೋಂದು. ಗಂಟಲು ರಾತ್ರಿಯಿಡೀ ಕೆರೆಯಿತು.

ಇಳಿದುಕೊಂಡಿದ್ದ ಮನೆಯ ಅಜ್ಜಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ 'ಲೂ' ಅನ್ನೋ ಅಡುಗೆ ಕೂಡ ಕೆಸುವಿನ ಎಲೆಯದ್ದೇ. ಒಳಗೆ ತೆಂಗಿನ ಹಾಲು, ಈರುಳ್ಳಿ, ಮಾಂಸ. ಭಾನುವಾರ ಬೆಳಿಗ್ಗೆ ನೆಲದ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲಿಟ್ಟು ಮುಚ್ಚಿ ಚರ್ಚಿಗೆ ಹೋದರು. ಮಾಂಸವಿಲ್ಲದ ಒಂದು ಪೊಟ್ಟಣ ನನಗೆ. ಬಂದು ತೆಗೆದಾಗ ಮೂರು ಗಂಟೆಯಾದರೂ ಆಗಿತ್ತು. ಎಲೆ ಬೆಣ್ಣೆ, ಒಂಚೂರೂ ತುರಿಕೆಯಿಲ್ಲ. ಪಕ್ಕದಲ್ಲಿ ಸುಟ್ಟ ಜೀಗುಜ್ಜೆ.

ಮೊದಲ ಸಲ ನನ್ನ 700 ಡಾಲರ್ ನುಂಗಿದ್ದು ಇದೇ ಭಾನುವಾರ. ಎರಡನೇ ಪೊಟ್ಟಣ ಕೇಳಿ ಹಾಕಿಸಿಕೊಂಡೆ.